ಹಳೆ ಪೆಟ್ಟಿಗೆಯ ಆಟ

ಬಂದವರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಿಗ್ಗೆ ಅತ್ತೆ ಎಂದಿನಂತೆ ಎದ್ದು ಟೀಗೆ ನೀರಿಟ್ಟರು. ನಡುಮನೆಯ ಪ್ಲಗ್ಗಿನಿಂದ ಒಂದು ತಂತಿ ಕಿತ್ತು, ಆ ಜಾಗಕ್ಕೆ ಇಸ್ತ್ರಿಪೆಟ್ಟಿಗೆಯ ತಂತಿ ಸಿಕ್ಕಿಸಿ, ಮಗನ ನೀಲಿ ಅಂಗಿಯನ್ನು ಮೇಜಿನ ಮೇಲೆ ಹರಡಿಕೊಂಡರು.

ಕಾಲರು ಮುಗಿಯಿತು. ಒಂದು ತೋಳು ಮುಗಿಯಿತು. ಇನ್ನೊಂದು ತೋಳಿಗೆ ಬಂದಾಗ ಕೈ ನಿಂತಿತು. ಆ ಅಂಗಿ ತೊಡುವವನನ್ನು ಮಣ್ಣು ಮಾಡಿ ಬಂದಿದ್ದರು. ಅದು ಅವರಿಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ.

ಸೊಸೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಟೀ ಉಕ್ಕಿತು. ಹೋಗಿ ಒಲೆ ಆರಿಸಿದಳು.

ಮನೆಯಲ್ಲಿ ಯಾವುದೋ ಸದ್ದು ನಿಂತುಹೋಗಿತ್ತು. ಯಾವುದೆಂದು ಅವರಿಬ್ಬರಿಗೂ ಹೊಳೆಯಲಿಲ್ಲ. ಹೊಳೆದದ್ದು ಮಾವನಿಗೆ. ಮುಖ ಒರೆಸಿಕೊಳ್ಳುತ್ತ ಬಂದವರು ಟೀವಿಯ ಕೆಳಗೆ ಬಗ್ಗಿ ನೋಡಿದರು.

"ಆಟದ ಪೆಟ್ಟಿಗೆ ಯಾರು ಆರಿಸಿದ್ದು?"

ಸೊಸೆ ಅತ್ತೆಯ ಕಡೆ ನೋಡಿದಳು.

"ಕೇಳಿಸ್ತಿಲ್ವಾ? ಯಾರು ಆರಿಸಿದ್ದು ಅಂತ!"

"ನಾನೇ ರೀ," ಎಂದರು ಅತ್ತೆ. "ಅಂಗಿ... ಇಸ್ತ್ರಿ ಮಾಡೋಕೆ."

"ಯಾರ ಅಂಗಿ?"

ಅತ್ತೆ ಅಂಗಿಯನ್ನು ಹಾಗೇ ಮುದುರಿ ಮಡಿಲಲ್ಲಿಟ್ಟುಕೊಂಡರು. ಮಾವ ನೆಲದ ಮೇಲೆ ಕುಸಿದು ಕೂತರು. "ಸೇತುವೆ ಹತ್ರ ಆಟ ನಿಲ್ಸಿ ಹೋಗಿದ್ದ ಕಣೇ. ಸಂಜೆ ಬಂದು ಮುಂದೆ ಆಡೋಣ ಅಪ್ಪಾ, ಆರಿಸಬೇಡಿ ಅಂದಿದ್ದ. ಇಷ್ಟು ಜನ ಬಂದು ಹೋದ್ರು, ಒಬ್ಬರೂ ಮುಟ್ಟಲಿಲ್ಲ. ನೀನು ಮುಟ್ಟಿದೆ ನೋಡು."

ಅವನು ವಿಡಿಯೋ ಗೇಮ್ ಮಾಡುವ ಸಣ್ಣ ಕಂಪನಿಯೊಂದರಲ್ಲಿದ್ದ. ಕಂಪನಿಯ ಹೊಸ ಆಟ ಟೀವಿಗೆ ಜೋಡಿಸಿ ಆಡುವ ಎರಡು ಯಂತ್ರಗಳಿಗೆ ಬರಬೇಕಿತ್ತು: ಅಂಗಡಿಗೆ ಆಗಷ್ಟೇ ಬಂದ ಹೊಸ ಕನ್ಸೋಲಿಗೆ, ಮತ್ತೆ ಹೆಚ್ಚಿನವರ ಮನೆಯಲ್ಲಿ ಇನ್ನೂ ಇದ್ದ ಹಳೆಯದಕ್ಕೆ. ಎಲ್ಲರೂ ಹೊಸದನ್ನೇ ಬಯಸಿದರು. ಅವನು ಹಳೆಯದನ್ನು ಕೇಳಿ ತೆಗೆದುಕೊಂಡ. ಹೊಸದರಲ್ಲಿ ಎಲೆ ಎಲೆಯೂ ಅಲುಗುತ್ತದೆ, ನೀರಿನಲ್ಲಿ ಮೋಡ ಕಾಣುತ್ತದೆ. ಹಳೆಯದಕ್ಕೆ ಅಷ್ಟು ಶಕ್ತಿಯಿಲ್ಲ. ಏನು ಬಿಟ್ಟರೆ ನಡೆಯುತ್ತದೆ, ಏನು ಬಿಟ್ಟರೆ ಆಟವೇ ಸಾಯುತ್ತದೆ ಎಂದು ಒಂದೊಂದೇ ಕಳೆಯುತ್ತ ಕೂರುವುದು ಅವನ ಕೆಲಸ. ಮನೆಯಲ್ಲೂ ಮಾಡಲೆಂದು ಆಫೀಸಿನಿಂದ ಒಂದು ಪರೀಕ್ಷೆಯ ಪೆಟ್ಟಿಗೆ ಕೇಳಿ ತಂದಿದ್ದ. ನೋಡಲು ಹಳೆ ಕನ್ಸೋಲಿನಂತೆಯೇ ಇತ್ತು. ಬಿಡುಗಡೆಯಾಗದ ಆಟ ಓಡುವುದು ಅಂಥದರಲ್ಲಿ ಮಾತ್ರ. ಅಂಗಡಿಯ ಪೆಟ್ಟಿಗೆಯಲ್ಲಿ ಓಡದು.

ಇದ್ದ ತೊಂದರೆ ಒಂದೇ. ಆಡಿದ್ದನ್ನು ನೆನಪಿಟ್ಟುಕೊಳ್ಳುವ ಭಾಗವನ್ನು ಅವನು ಇನ್ನೂ ಜೋಡಿಸಿರಲಿಲ್ಲ. ಆರಿಸಿದರೆ ಮತ್ತೆ ಮೊದಲಿನಿಂದ. ಹಾಗಾಗಿ ಆ ದಿನ ಆಟವನ್ನು ನಿಲ್ಲಿಸಿ, ಪೆಟ್ಟಿಗೆಯನ್ನು ಹಾಗೇ ಬಿಟ್ಟು ಆಫೀಸಿಗೆ ಹೋದ. ಆಫೀಸಿನ ಮೆಟ್ಟಿಲ ಮೇಲೆ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ. ಶವ ಬಂದಾಗ, ಜನ ಬಂದಾಗ, ಅತ್ತಾಗ, ಅಳು ನಿಂತಾಗ, ಟೀವಿಯ ಕೆಳಗೆ ಆ ಪೆಟ್ಟಿಗೆಯ ಫ್ಯಾನು ಗುಂಯ್ ಎನ್ನುತ್ತಲೇ ಇತ್ತು.

*

ಸೊಸೆ ಕೆಲಸಕ್ಕೆ ಮರಳಿದಳು. ಊರಿನ ಕುಡಿಯುವ ನೀರನ್ನು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಅವಳ ಕೆಲಸ. ಅಲ್ಲಿ ಯಾರೂ ಅವಳನ್ನು ಹೆಚ್ಚು ಮಾತಾಡಿಸಲಿಲ್ಲ. ಒಂದು ಮಧ್ಯಾಹ್ನ ಊಟದ ಡಬ್ಬಿ ತೆರೆಯುವಾಗ ಗಂಡನ ತಂಡದ ಮುಖ್ಯಸ್ಥೆಯ ಫೋನು ಬಂತು.

"ಹೇಗಿದ್ದೀರಿ ಅಂತ ಕೇಳಲ್ಲ," ಎಂದಳು ಆಕೆ. "ಬೇರೆಯವರ ಬಾಯಿಂದ ನಿಮ್ಮ ಕಿವಿಗೆ ಬೀಳೋದು ಬೇಡ ಅಂತ ನಾನೇ ಫೋನ್ ಮಾಡಿದೆ. ಹಳೇ ಕನ್ಸೋಲಿಗೆ ಆಟ ಬಿಡೋದನ್ನ ಕೈಬಿಟ್ಟಿದ್ದೀವಿ."

"ಯಾಕೆ?"

"ಅದರ ಒಳಗುಟ್ಟು ಗೊತ್ತಿದ್ದದ್ದು ಅವರೊಬ್ಬರಿಗೇ. ಇನ್ನೊಬ್ಬರು ಕೂತು ಅರ್ಥ ಮಾಡ್ಕೊಳ್ಳೋ ಹೊತ್ತಿಗೆ ಹಳೇದಕ್ಕೆ ಆಟ ಕೊಳ್ಳೋರೇ ಇರಲ್ಲ. ಹೊಸದರಲ್ಲಿ ಮಾತ್ರ ಬರುತ್ತೆ." ಆಮೇಲೆ, "ಮನೇಲೊಂದು ಪೆಟ್ಟಿಗೆ ಇರ್ಬೇಕಲ್ವಾ? ಅದು ನಮ್ಮದೂ ಅಲ್ಲ, ಕನ್ಸೋಲ್ ತಯಾರಿಸೋರದ್ದು. ತಿಂಗಳ ಕೊನೆಗೆ ಅವರಿಗೆ ವಾಪಸ್ ಕೊಡ್ಬೇಕು," ಎಂದಳು.

ಸೊಸೆ ಸರಿ ಎಂದಳು. ಡಬ್ಬಿಯಲ್ಲಿದ್ದ ಅನ್ನ ಮೊಟ್ಟೆ ತಿಂದು ಮುಗಿಸಿದಳು. ಈಚೆಗೆ ಅವಳಿಗೆ ಎಲ್ಲವೂ ಒಂದೇ ರುಚಿ.

ರಾತ್ರಿಯ ಊಟಕ್ಕೆ ನಾದಿನಿಯೂ ಸೇರಿ ನಾಲ್ವರೂ ಕೂತಿದ್ದಾಗ ಹೇಳಿದಳು. ಮಾವನಿಗೆ ಮೊದಲು ಅರ್ಥವಾಗಲಿಲ್ಲ.

"ತಡವಾಗಿ ಬರುತ್ತೆ ಅಂತಲಾ?"

"ಇಲ್ಲ ಮಾವ. ಬರೋದೇ ಇಲ್ಲ."

"ಮತ್ತೆ ಅವನು ಮಾಡಿದ್ದು?"

ಅವಳು ಅನ್ನ ಕಲಸುತ್ತಲೇ ಇದ್ದಳು.

"ಎರಡು ವರ್ಷ ಮಾಡಿದ್ನಲ್ಲಮ್ಮ, ಅದು?"

"ಈ ಪೆಟ್ಟಿಗೇಲಿರೋದೇ ಮಾವ. ಇದು ವಾಪಸ್ ಹೋದ್ರೆ ಇನ್ನೆಲ್ಲೂ ನೋಡೋಕಾಗಲ್ಲ."

"ಹಳೇ ಪೆಟ್ಟಿಗೆ ಇಟ್ಕೊಂಡೋರು ಏನು ಮಾಡ್ಬೇಕಂತೆ?"

"ಹೊಸದು ತಗೋಬೇಕು."

ಮಾವ ಲಿಫ್ಟ್ ಮೆಕ್ಯಾನಿಕ್ ಆಗಿದ್ದವರು. ಕೆಲಸ ಮಾಡಿದಷ್ಟು ಕಾಲ, ಕಿತ್ತು ಬಿಸಾಕಿ ಎಂದು ಮಾಲೀಕರು ಹೇಳಿದ ಲಿಫ್ಟುಗಳನ್ನೇ ಓಡಿಸಿಕೊಟ್ಟು ಬದುಕಿದವರು. "ತಗೋಬೇಕಂತೆ," ಎಂದರು. "ಇವರಪ್ಪಂದು ಏನು ಗಂಟು ಹೋಗುತ್ತೆ."

"ಒಳ್ಳೇದೇ ಆಯ್ತು ಬಿಡಿ," ಎಂದಳು ನಾದಿನಿ. ಅವಳು ಔಷಧದ ಅಂಗಡಿಯಲ್ಲಿ ದಿನವಿಡೀ ನಿಂತು ಬಂದವಳು. ಕಾಲು ನೋವು ಮಾತಿನಲ್ಲಿ ಇಳಿಯುತ್ತಿತ್ತು. "ಅತ್ತಿಗೆ, ನಾಳೇನೇ ಕೊಟ್ಟು ಬನ್ನಿ. ಹಗಲೂ ರಾತ್ರಿ ಅದರ ಮುಂದೆ ಕೂತು ಕೂತೇ ಅಣ್ಣ ಹೋಗಿದ್ದು. ಈಗ ಅಪ್ಪ ಕೂರ್ತಾರೆ."

"ಮನೆ ಬಿಟ್ಟು ತೊಲಗಲಿ ಅದು," ಎಂದರು ಅತ್ತೆ. "ನನ್ನ ಮರೀನ ತಿಂದುಹಾಕಿತು."

"ತಿಂಗಳ ಕೊನೇವರೆಗೂ ಟೈಮಿದೆ ತಾನೆ?" ಮಾವ ಸೊಸೆಯನ್ನೇ ನೋಡಿದರು. "ಅಲ್ಲೀವರೆಗೂ ಇರ್ಲಿ. ಆಟದ ಕೊನೇ ಮನೇನೂ ಮುಗೀತು ಅಪ್ಪಾ, ನೀವು ನೋಡೋದೊಂದೇ ಬಾಕಿ ಅಂದಿದ್ದ ನನಗೆ. ಯಾರೂ ನೋಡಲ್ಲ ಅಂದ್ರೆ ಬೇಡ. ನಾನು ನೋಡ್ತೀನಿ."

"ನಿಮಗೆ ಆಡೋಕೆ ಬರುತ್ತಾ?" ಎಂದರು ಅತ್ತೆ.

"ಬರಲ್ಲ ಅಂತಾನೇ ಅವನು ನನ್ನ ಕೈಲಿ ಆಡಿಸ್ತಿದ್ದ. ನೀವು ಬೀಳದೇ ಇರೋ ಕಡೆ ಯಾರೂ ಬೀಳಲ್ಲ ಅಪ್ಪಾ ಅಂತಿದ್ದ."

ನಾದಿನಿಗೆ ನಗು ಬಂತು. ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಅಡುಗೆಮನೆಯಲ್ಲಿ ನಲ್ಲಿ ಬಹಳ ಹೊತ್ತು ಹರಿಯಿತು.

*

ಆಟದಲ್ಲಿ ಒಬ್ಬ ಅಂಚೆಯವಳು. ಅರ್ಧ ಮುಳುಗಿದ ಊರು. ಹೆಗಲಿಗೆ ಚೀಲ ಹಾಕಿಕೊಂಡು ಮನೆಯಿಂದ ಮನೆಗೆ, ಛಾವಣಿಯಿಂದ ಛಾವಣಿಗೆ ಹೋಗಿ ಕಾಗದ ಕೊಡುತ್ತ, ಗುಡ್ಡದ ತುದಿಯ ಕೊನೇ ಮನೆ ತಲುಪಬೇಕು. ಅಷ್ಟೇ. ಚುರುಕಿನವರು ಒಂದು ದಿನದಲ್ಲಿ ಮುಗಿಸುತ್ತಾರೆ. ಮಾವನಿಗೆ ವಾರವೇ ಬೇಕು. ಅಂದರೆ ವಾರವಿಡೀ ಪೆಟ್ಟಿಗೆ ಆರಬಾರದು.

ಮೊದಲ ಎರಡು ದಿನ ಅತ್ತೆ ಆ ಕಡೆ ತಿರುಗಿಯೂ ನೋಡಲಿಲ್ಲ. ಮೂರನೆಯ ದಿನ ಸೊಸೆ ಕೆಲಸದಿಂದ ಬಂದಾಗ ಪ್ಲಗ್ಗಿಗೆ ಹಳೆ ಸೀರೆಯ ಚೂರೊಂದನ್ನು ಬಿಗಿಯಾಗಿ ಸುತ್ತಿ ಕಟ್ಟಿತ್ತು. ಇಸ್ತ್ರಿಪೆಟ್ಟಿಗೆ ಅಡುಗೆಮನೆಗೆ ಹೋಗಿತ್ತು. ಕಸ ಗುಡಿಸಲು ಬಂದವಳಿಗೆ ಅತ್ತೆ ಗದರುತ್ತಿದ್ದರು: "ಆ ಮೂಲೆ ಬಿಟ್ಟುಬಿಡು. ಧೂಳು ಇದ್ರೆ ಇರ್ಲಿ. ಪೊರಕೆ ತಗುಲಿಸಿದ್ರೆ ನೋಡು ಮತ್ತೆ!"

ಮಾವ ಆಡುತ್ತಲೇ ಬೈಯುತ್ತಿದ್ದರು. "ಇದೇನು, ಊರ ತುಂಬ ಮಂಜು? ಮೂರು ಮಾರು ಆಚೆ ಏನೂ ಕಾಣಲ್ಲ."

"ಹಳೇ ಯಂತ್ರಕ್ಕೆ ದೂರದ್ದನ್ನ ತೋರ್ಸೋ ಶಕ್ತಿ ಇಲ್ಲ ಮಾವ. ಅದನ್ನ ಮುಚ್ಚೋಕೆ ಮಂಜು ಹಾಕಿದಾರೆ."

"ಗೊತ್ತು. ಕೇಳಿದ್ದಕ್ಕೆ, ನಿಮ್ಮ ಕಣ್ಣಿನ ಹಾಗೇ ಅಪ್ಪಾ ಅಂದ, ತಲೆಹರಟೆ." ಸ್ವಲ್ಪ ಹೊತ್ತಿಗೆ, "ಈ ಲಿಫ್ಟು ನೋಡು. ಒಂದು ಮಹಡಿ ಹತ್ತೋಕೆ ಇಷ್ಟು ಹೊತ್ತಾ? ನಾನು ಇಂಥ ಲಿಫ್ಟು ಬಿಟ್ಟಿದ್ರೆ ಜನ ನನ್ನನ್ನೇ ಹಗ್ಗಕ್ಕೆ ಕಟ್ತಿದ್ರು."

"ಮೇಲಿನ ಮಹಡಿ ಜೋಡಿಸ್ಕೊಳ್ಳೋಕೆ ಯಂತ್ರಕ್ಕೆ ಪುರುಸೊತ್ತು ಬೇಕಲ್ಲ. ಅಲ್ಲೀತನಕ ನಮ್ಮನ್ನ ಲಿಫ್ಟಲ್ಲಿ ಕೂಡಿ ಹಾಕ್ತಾರಂತೆ."

"ನಿನಗೂ ಹೇಳಿದಾನೆ ಹಾಗಾದ್ರೆ."

"ಹೇಳ್ತಿದ್ರು," ಎಂದಳು. ಒಂದ್ಸಲ ನೀನೂ ಆಡಿ ನೋಡೇ ಎಂದು ಕರೆಯುತ್ತಲೂ ಇದ್ದ. ಒಗೆದ ಬಟ್ಟೆ ಮಡಚಬೇಕು, ನಾಳೆ, ಎನ್ನುತ್ತಿದ್ದಳು ಅವಳು.

ಊಟ ತಟ್ಟೆಯಲ್ಲಿ ತಣ್ಣಗಾಗತೊಡಗಿತು. ಮಾವ ತುತ್ತು ಬಾಯಿಗಿಟ್ಟು ಅಗಿಯುವುದನ್ನು ಮರೆತು ಕೂರುತ್ತಿದ್ದರು. ಅತ್ತೆ ಪಕ್ಕದಲ್ಲಿ ನಿಂತು, "ಅವಳು ಅಲ್ಲೇ ನಿಂತಿರ್ತಾಳೆ, ಎಲ್ಲೂ ಓಡಿಹೋಗಲ್ಲ, ಮೊದಲು ನುಂಗಿ," ಎಂದು ರೇಗುತ್ತಿದ್ದರು. ಆ ವಾರದ ಕೊನೆಗೆ ಅಂಚೆಯವಳು ಸೇತುವೆ ತಲುಪಿದಳು. ಮಗ ನಿಲ್ಲಿಸಿಹೋದ ಜಾಗ. ಮಾವ ಆ ಸಂಜೆ ಮುಂದೆ ಆಡಲಿಲ್ಲ. ಕೈಯಲ್ಲಿ ಹಿಡಿದು ಆಡುವ ಕಂಟ್ರೋಲರನ್ನು ಟವೆಲಿನಿಂದ ಒರೆಸಿ ಪಕ್ಕಕ್ಕಿಟ್ಟು, "ಇವತ್ತು ಇಲ್ಲೇ ಇರ್ಲಿ," ಎಂದರು.

ಮಾರನೆಯ ದಿನ ಮಧ್ಯಾಹ್ನ ಕರೆಂಟು ಹೋಯಿತು. ಕಾಲು ಗಂಟೆಯಲ್ಲಿ ಬಂತು. ಪೆಟ್ಟಿಗೆ ಹೊತ್ತಿಕೊಂಡಾಗ ಪರದೆಯ ಮೇಲೆ ಮೊದಲ ಮನೆ, ಮೊದಲ ಕಾಗದ.

ಸೊಸೆ ಬಂದಾಗ ಅತ್ತೆ ಹೊರಬಾಗಿಲಲ್ಲೇ ಕೂತಿದ್ದರು. "ನಾನು ಮುಟ್ಟಲಿಲ್ಲ ಕಣಮ್ಮ," ಎಂದರು, ಅವಳು ಚಪ್ಪಲಿ ಬಿಡುವ ಮೊದಲೇ. "ಕರೆಂಟು ಹೋಗಿದ್ದು. ನಾನು ಮುಟ್ಟಲಿಲ್ಲ."

ಆ ರಾತ್ರಿ ನಾದಿನಿ ಸಹನೆ ಕಳೆದುಕೊಂಡಳು. "ಸಾಕು ನಿಲ್ಸಿ ಅಪ್ಪ! ನಿಮ್ಮ ಬಿಪಿ ಮಾತ್ರೆ ನಿನ್ನೇದು ಹಾಗೇ ಇದೆ, ಮೊನ್ನೇದು ಹಾಗೇ ಇದೆ. ಅಂಗಡೀಲಿ ಊರೋರಿಗೆಲ್ಲ ಮಾತ್ರೆ ಎಣಿಸಿ ಕೊಡೋಳು ನಾನು, ಮನೇಲಿ ನಮ್ಮಪ್ಪ ನುಂಗಲ್ಲ. ಇನ್ನೊಂದು ಹೆಣ ಎತ್ತೋಕೆ ನನ್ನ ಕೈಲಾಗಲ್ಲ."

"ಬಾಯಿಗೆ ಬಂದ ಹಾಗೆ ಮಾತಾಡ್ಬೇಡ," ಎಂದರು ಅತ್ತೆ.

"ಅತ್ತಿಗೆ, ನೀವಾದ್ರೂ ಹೇಳಿ. ನೀವು ಬಾಯೇ ಬಿಡಲ್ಲ. ಅಳೋದೂ ಇಲ್ಲ. ನಿಮಗೇನು ಬೇಕು? ಅದು ಹೋಗಬೇಕಾ, ಇರಬೇಕಾ?"

ಎಲ್ಲರೂ ಅವಳನ್ನೇ ನೋಡಿದರು. ಹೇಳಬೇಕಾಗಿತ್ತು. "ಮಾವ ಕೊನೇವರೆಗೂ ನೋಡ್ಲಿ," ಎಂದಳು.

ಮರುದಿನ ಪ್ರಯೋಗಾಲಯದಿಂದಲೇ ಮುಖ್ಯಸ್ಥೆಗೆ ಫೋನು ಮಾಡಿ ಇನ್ನಷ್ಟು ದಿನ ಕೇಳಿದಳು. ಕಾರಣ ಕೇಳಿದಾಗ ಇದ್ದದ್ದನ್ನು ಇದ್ದಂತೆಯೇ ಹೇಳಿದಳು. "ಬರೋ ವಾರ ಕಳೆದು ಸೋಮವಾರ. ಅದರಾಚೆ ನನ್ನ ಕೈಲಿಲ್ಲ," ಎಂದಳು ಮುಖ್ಯಸ್ಥೆ. ಮತ್ತೆ, "ಕೊನೇ ಭಾಗ ನಾವ್ಯಾರೂ ನೋಡಿಲ್ಲ. ಮುಗಿಸಿದೀನಿ ಅಂತ ಅವರು ಹೇಳಿದ್ರು, ಅಷ್ಟೇ," ಎಂದಳು.

*

ಮಾವ ಮತ್ತೆ ಮೊದಲಿನಿಂದ ನಡೆಸಿದರು. ಈ ಸಲ ದಾರಿ ಗೊತ್ತಿತ್ತು. ಮಾತ್ರೆ ನುಂಗಿದ ಮೇಲೆಯೇ ಕಂಟ್ರೋಲರು ಕೈಗೆ ಎಂದು ನಾದಿನಿ ಕಾನೂನು ಮಾಡಿದಳು; ಮಾವ ಒಪ್ಪಿದರು. ಆಟ ಮತ್ತೆ ಶುರುವಾಗುವ ಮೊದಲೇ ಅವಳು ಆಟೋದಿಂದ ಒಂದು ಭಾರವಾದ ಇನ್ವರ್ಟರ್ ಬ್ಯಾಟರಿ ಇಳಿಸಿ, ಆಟೋದವನ ಕೈಯಲ್ಲೇ ಒಳಗೆ ಹೊರಿಸಿದಳು. ಅಂಗಡಿಯ ಫ್ರಿಜ್ಜು ಆರದಿರಲೆಂದು ಇಟ್ಟದ್ದು.

"ಅಂಗಡಿ ಯಜಮಾನರನ್ನ ಕೇಳಿದ್ಯಾ?" ಎಂದರು ಅತ್ತೆ.

"ಕೇಳಿದೆ. ಫ್ರಿಜ್ಜಿಗೆ ಇನ್ನೊಂದಿದೆ. ಭಾನುವಾರ ಸಂಜೆ ವಾಪಸ್ ಇಡ್ಬೇಕು." ಮೊಣಕಾಲೂರಿ ತಂತಿ ಜೋಡಿಸುತ್ತ, "ಏನಮ್ಮ ಹಾಗೆ ನೋಡ್ತೀಯ? ಟೀ ಮಾಡು ಹೋಗು," ಎಂದಳು.

ಮತ್ತೆ ಎರಡು ಸಲ ಕರೆಂಟು ಹೋಯಿತು. ಪೆಟ್ಟಿಗೆ ಆರಲಿಲ್ಲ.

ಭಾನುವಾರ ಬೆಳಿಗ್ಗೆ ಅಂಚೆಯವಳು ಗುಡ್ಡದ ಬುಡದಲ್ಲಿದ್ದಳು. ಚೀಲದಲ್ಲಿ ಒಂದೇ ಕಾಗದ. ಮಾವನ ಹೆಬ್ಬೆರಳು ಊದಿಕೊಂಡಿತ್ತು. ಎರಡು ಸಲ ಹತ್ತಿ ಎರಡು ಸಲ ಜಾರಿದರು. ಕಂಟ್ರೋಲರನ್ನು ಸೊಸೆಯ ಕಡೆ ಚಾಚಿದರು.

"ನನಗೆ ಬರಲ್ಲ ಮಾವ."

"ನನಗೂ ಬರ್ತಿರಲಿಲ್ಲ. ಹಿಡ್ಕೋ. ಇದು ನಡೆಯೋಕೆ, ಇದು ಹತ್ತೋಕೆ. ಅಷ್ಟೇ."

ಅವಳು ಹಿಡಿದುಕೊಂಡಳು. ಹಿಡಿಯ ಒಂದು ಕಡೆ ಬಣ್ಣ ಸವೆದು ನುಣ್ಣಗಾಗಿತ್ತು. ಅವಳ ಬೆರಳು ತಾನಾಗಿಯೇ ಅಲ್ಲಿ ಕೂತಿತು. ಮಂಜಿನಲ್ಲಿ ಅಂಚೆಯವಳು ಹತ್ತಿದಳು. ಅತ್ತೆ ತರಕಾರಿ ಹೆಚ್ಚುವುದನ್ನು ಬಿಟ್ಟು, ಚಾಕು ಕೈಯಲ್ಲೇ ಹಿಡಿದು, ಬಂದು ನಿಂತರು.

"ಎಡಕ್ಕೆ, ಎಡಕ್ಕೆ," ಎಂದರು ಮಾವ.

"ಅಯ್ಯೋ ಬೀಳ್ತಾಳೆ," ಎಂದರು ಅತ್ತೆ.

"ಸುಮ್ನಿರಮ್ಮ," ಎಂದಳು ನಾದಿನಿ.

ಗುಡ್ಡದ ತುದಿಯಲ್ಲಿ ಮಂಜು ಸರಿಯಿತು. ಅಲ್ಲಿ ಒಂದು ಬೂದು ಬಣ್ಣದ ಚೌಕ ನಿಂತಿತ್ತು. ಛಾವಣಿಯಿಲ್ಲ, ಕಿಟಕಿಯಿಲ್ಲ, ಬಾಗಿಲಿಲ್ಲ. ಸಂತೆಗೆ ತಂದಿಟ್ಟ ಸಾಮಾನಿನ ಖಾಲಿ ರಟ್ಟಿನ ಡಬ್ಬದಂತಿತ್ತು. ಅದರ ಒಂದು ಮೈಮೇಲೆ, ಕೆಲಸ ಮಾಡುವವರು ತಮಗೆ ತಾವೇ ಹಾಕಿಕೊಳ್ಳುವ ಗುರುತಿನಂತೆ, ದಪ್ಪ ಅಕ್ಷರದಲ್ಲಿ ಬರೆದಿತ್ತು: ಇಲ್ಲಿ ಮನೆ ಬರಬೇಕು.

ಸೊಸೆ ಅಂಚೆಯವಳನ್ನು ಸುತ್ತ ನಡೆಸಿದಳು. ಹಿಂದೆ, ಬಲಕ್ಕೆ, ಎಡಕ್ಕೆ. ಎಲ್ಲ ಕಡೆಯೂ ಬೂದು. ಮತ್ತೆ ಒಂದು ಸುತ್ತು ನಡೆಸಿದಳು.

"ಸಾಕು ಬಿಡಮ್ಮ," ಎಂದರು ಮಾವ.

ಅವಳು ಬಿಡಲಿಲ್ಲ. ಮೂರನೆಯ ಸುತ್ತು ಬಂದಾಗ ನಾದಿನಿ ಅವಳ ಕೈಯ ಮೇಲೆ ಕೈಯಿಟ್ಟಳು.

"ಮುಗೀತು ಅಂದಿದ್ದ," ಎಂದರು ಮಾವ. ದನಿ ಏರಿತು. "ನನ್ನ ಮುಖ ನೋಡ್ಕೊಂಡು ಮುಗೀತು ಅಪ್ಪಾ ಅಂದ. ಸುಳ್ಳ! ನನ್ನ ಹತ್ರ ಯಾಕೋ ಸುಳ್ಳು ಹೇಳಿದೆ? ನಾನೇನು ಬೈತಿದ್ನೇನೋ?" ಮಗ ಸತ್ತ ಮೇಲೆ ಮೊದಲ ಸಲ ಅವರು ಎಲ್ಲರೆದುರು ಬಾಯಿಬಿಟ್ಟು ಅತ್ತರು.

ಅತ್ತೆ ಚಾಕು ಕೆಳಗಿಟ್ಟು ಅವರ ಪಕ್ಕ ಕೂತರು. "ನನಗೂ ಹಾಗೇ ಮಾಡ್ತಿದ್ದ ರೀ. ಊಟ ಆಯ್ತಮ್ಮ ಅಂತಿದ್ದ. ಬೆಳಿಗ್ಗೆ ಎದ್ದು ಮುಚ್ಚಳ ತೆಗೆದ್ರೆ ಅನ್ನ ಹಾಕಿಟ್ಟ ಹಾಗೇ ಇರ್ತಿತ್ತು."

"ನೀನು ಹೇಳಲೇ ಇಲ್ಲ."

"ಹೇಳಿದ್ರೆ ನೀವು ಅವನಿಗೆ ಬೈತಿದ್ರಿ."

ಪೆಟ್ಟಿಗೆಯನ್ನು ಆರಿಸಲು ಯಾರಿಗೂ ಮನಸ್ಸು ಬರಲಿಲ್ಲ. ಹಾಗೇ ಬಿಟ್ಟು ಊಟಕ್ಕೆ ಕೂತರು. ಮುಟ್ಟದೆ ಬಿಟ್ಟರೆ ಅಂಚೆಯವಳು ಸುಮ್ಮನೆ ನಿಲ್ಲುತ್ತಿರಲಿಲ್ಲ. ಆಗಾಗ ಚೀಲವನ್ನು ಈ ಹೆಗಲಿನಿಂದ ಆ ಹೆಗಲಿಗೆ ಹಾಕಿಕೊಳ್ಳುತ್ತಿದ್ದಳು. "ಭಾರ ಇರ್ಬೇಕು," ಎಂದರು ಅತ್ತೆ. "ಒಂದೇ ಕಾಗದ ಇರೋದು," ಎಂದರು ಮಾವ. ಬೇಯಿಸಿದ ಆಲೂಗಡ್ಡೆಯನ್ನು ಕೇಳಿ ಎರಡನೆಯ ಸಲ ಹಾಕಿಸಿಕೊಂಡರು.

ಸಂಜೆ ಬ್ಯಾಟರಿ ಕೊಡುವ ಹೊತ್ತಾಯಿತು. ನಾದಿನಿ ಬ್ಯಾಟರಿಯ ಬಳಿ ನಿಂತೇ ಇದ್ದಳು. "ನಾನು ಒಂದ್ಸಲ ಕಿತ್ತಿದ್ದು ಸಾಕು," ಎಂದು ಅತ್ತೆ ಒಳಗೆ ಹೋದರು. ಕೊನೆಗೆ ಮಾವನೇ ಬಗ್ಗಿ, ಬಟ್ಟೆಯ ಗಂಟು ಬಿಚ್ಚಿ, ತಂತಿ ಎಳೆದರು.

*

ಸೋಮವಾರ ಸೊಸೆ ಪೆಟ್ಟಿಗೆಯನ್ನು ಬಟ್ಟೆಯ ಚೀಲದಲ್ಲಿ ಹಾಕಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದಳು. ಗಂಡನ ಆಫೀಸಿನೊಳಗೆ ಅವಳು ಹಿಂದೆ ಹೋದವಳಲ್ಲ. ಮೆಟ್ಟಿಲು ಹತ್ತಿದಳು. ಯಾವ ಮೆಟ್ಟಿಲು ಎಂದು ಅವಳು ಯಾರನ್ನೂ ಕೇಳಿರಲಿಲ್ಲ. ಒಂದೊಂದರ ಮೇಲೂ ಕಾಲು ಊರಿ ಹತ್ತಿದಳು.

ಸಾಮಾನು ಕೊಠಡಿಯಲ್ಲಿ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಕೂತಿದ್ದಳು. ಪೆಟ್ಟಿಗೆಯ ಕೆಳಗಿನ ಅಂಕಿ ಓದಿ, ಕಂಪ್ಯೂಟರಿನಲ್ಲಿ ನೋಡಿ, "ಇದು ನಿಮ್ಮ ಹೆಸರಲ್ಲಿಲ್ಲ ಮೇಡಂ. ತಗೊಂಡೋರೇ ಬಂದು ಕೊಡ್ಬೇಕಿತ್ತು," ಎಂದಳು.

"ಅವರು ಬರಲ್ಲ."

"ರಜೆನಾ? ಪರವಾಗಿಲ್ಲ, ಬಂದ ಮೇಲೆ—"

"ತೀರ್ಕೊಂಡ್ರು," ಎಂದಳು ಸೊಸೆ. "ನನ್ನ ಗಂಡ."

ಹುಡುಗಿ ಎದ್ದು ನಿಂತಳು. ಯಾಕೆ ಎದ್ದಳೆಂದು ಅವಳಿಗೇ ತಿಳಿದಂತಿರಲಿಲ್ಲ. ಮತ್ತೆ ಕೂತು, ಪೆಟ್ಟಿಗೆಗೆ ತಂತಿ ಜೋಡಿಸಿ, ಸಣ್ಣ ದನಿಯಲ್ಲಿ, "ಒಳಗಿರೋದನ್ನೆಲ್ಲ ಅಳಿಸಿಯೇ ತಗೋಬೇಕು ಮೇಡಂ. ನಿಮ್ಮೆದುರಿಗೇ. ನಿಯಮ ಅದು," ಎಂದಳು. ಗುಂಡಿಯ ಮೇಲೆ ಬೆರಳಿಟ್ಟು ತಡೆದಳು. "ಇದರಲ್ಲಿ ನಿಮಗೆ ಏನಾದ್ರೂ ಬೇಕಿತ್ತಾ?"

"ಹೂಂ," ಎಂದಳು ಸೊಸೆ.

ಹುಡುಗಿ ಬೆರಳು ತೆಗೆದಳು. "ಏನು ಬೇಕಿತ್ತು ಮೇಡಂ? ಕೊಡೋಕೆ ಬರುತ್ತೋ ಇಲ್ವೋ, ಕೇಳಿ ನೋಡ್ತೀನಿ."

ಸೊಸೆ ಬಾಯಿ ತೆರೆದಳು. ಬಂದದ್ದು ಅಳು. ಕೌಂಟರಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಗುರುತಿಲ್ಲದ ಆ ಹುಡುಗಿಯ ಮುಂದೆ, ತಡೆದುಕೊಳ್ಳಲು ನೋಡದೆ ಅತ್ತಳು. ಹುಡುಗಿ ಎದ್ದು ಬಾಗಿಲು ಮುಂದೆ ಮಾಡಿ ಬಂದು, ಕುರ್ಚಿ ತಂದಿಟ್ಟಳು. ಸೊಸೆ ಕೂರಲಿಲ್ಲ.

ಅಳು ಇಳಿದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡಳು.

"ಅಳಿಸಮ್ಮ," ಎಂದಳು. "ನಾನು ಇಲ್ಲೇ ಇರ್ತೀನಿ."